ಹೆಣ್ಣುಮಕ್ಕಳ ಕೈಗೆ ವಿಮಾನದ ಹಿಡಿಕೆ ಕೊಟ್ಟ ಕಾದಂಬರಿಗಳು: ‘ವೊರಲ್ಸ್’ ಸರಣಿಯ ಓದು

ಇಂಗ್ಲಿಷ್ ಸಾಹಸ ಕಥೆಗಳನ್ನು ಓದಿ ಬೆಳೆದವರಿಗೆ ‘ಬಿಗಲ್ಸ್’ ಎಂಬ ಹೆಸರು ಅಪರಿಚಿತವೇನಲ್ಲ. ಈ ಬ್ರಿಟಿಷ್ ವೈಮಾನಿಕನ ಕಥೆಗಳು ಭಾರತದ ಅನೇಕ ಶಾಲೆಗಳ ಗ್ರಂಥಾಲಯಗಳಲ್ಲಿ ದಶಕಗಳ ಕಾಲ ಮಕ್ಕಳ ಕೈಯಿಂದ ಕೈಗೆ ದಾಟಿವೆ. ಆದರೆ ಬಿಗಲ್ಸ್‌ನನ್ನು ಸೃಷ್ಟಿಸಿದ ಲೇಖನಿಯೇ ಹದಿನೆಂಟರ ಹರೆಯದ ಹುಡುಗಿಯೊಬ್ಬಳನ್ನು ಯುದ್ಧವಿಮಾನದಲ್ಲಿ ಕೂರಿಸಿ, ಆಕೆಯ ಸುತ್ತ ಹನ್ನೊಂದು ಕಾದಂಬರಿಗಳನ್ನು ಹೆಣೆದಿತ್ತು ಎಂಬ ಸಂಗತಿ ಅನೇಕ ಓದುಗರಿಗೆ ತಿಳಿದಿಲ್ಲ. ಆ ಹುಡುಗಿಯ ಹೆಸರು ಜೋನ್ ವೊರಲ್ಸನ್. ಗೆಳತಿಯರ ಬಾಯಲ್ಲಿ ಆಕೆ ‘ವೊರಲ್ಸ್’.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹುಟ್ಟಿದ ಈ ಕಾದಂಬರಿಗಳನ್ನು ಇಂದು ಓದುವುದರಲ್ಲಿ ಎರಡು ಬಗೆಯ ಸುಖವಿದೆ. ಒಂದು, ಉಸಿರು ಬಿಗಿಹಿಡಿದು ಓದಿಸಿಕೊಳ್ಳುವ ಕಥೆಯ ಸುಖ. ಇನ್ನೊಂದು, ಕಥೆಯ ಹಿಂದಿರುವ ಚರಿತ್ರೆಯನ್ನು ಅರಿತು, ಕಲ್ಪನೆ ಎಲ್ಲಿ ಮುಗಿಯುತ್ತದೆ, ವಾಸ್ತವ ಎಲ್ಲಿ ಆರಂಭವಾಗುತ್ತದೆ ಎಂದು ಗುರುತಿಸುವ ಸುಖ. ಮೊದಲನೆಯದಕ್ಕೆ ಯಾರ ನೆರವೂ ಬೇಕಿಲ್ಲ. ಎರಡನೆಯದಕ್ಕೆ ಒಂದಿಷ್ಟು ಹಿನ್ನೆಲೆಯ ಪರಿಚಯ ಅಗತ್ಯ. ಅದನ್ನು ಒದಗಿಸುವುದೇ ಈ ಲೇಖನದ ಉದ್ದೇಶ.

ಲೇಖಕನೇ ವೈಮಾನಿಕ

ವೊರಲ್ಸ್ ಸರಣಿಯ ಲೇಖಕ ವಿಲಿಯಂ ಅರ್ಲ್ ಜಾನ್ಸ್ (1893–1968). ಇಂಗ್ಲೆಂಡಿನ ಹರ್ಟ್‌ಫರ್ಡ್‌ನಲ್ಲಿ ಜನಿಸಿದ ಜಾನ್ಸ್ ಮೊದಲ ಮಹಾಯುದ್ಧದಲ್ಲಿ ಕಾಲ್ದಳದ ಕಷ್ಟಗಳನ್ನು ಕಂಡು, 1917ರಲ್ಲಿ ವೈಮಾನಿಕ ದಳವನ್ನು ಸೇರಿದರು. 1918ರ ಸೆಪ್ಟೆಂಬರ್ 16ರಂದು ಜರ್ಮನಿಯ ಮಾನ್‌ಹೈಮ್ ನಗರದ ಮೇಲಿನ ದಾಳಿಗೆ ಹೊರಟಿದ್ದಾಗ ಅವರ ವಿಮಾನವನ್ನು ಶತ್ರುಗಳು ಹೊಡೆದುರುಳಿಸಿದರು. ಜೊತೆಗಿದ್ದ ವೀಕ್ಷಕ ಮೃತಪಟ್ಟ. ಜಾನ್ಸ್ ಸೆರೆಯಾಳಾಗಿ ಯುದ್ಧದ ಕೊನೆಯ ವಾರಗಳನ್ನು ಕಳೆದರು.

ಯುದ್ಧಾನಂತರ ಅವರು 1927ರವರೆಗೆ ವಾಯುಪಡೆಯಲ್ಲಿ ಉಳಿದರು. 1922ರಲ್ಲಿ ಲಂಡನ್ನಿನ ನೇಮಕಾತಿ ಕಚೇರಿಯಲ್ಲಿದ್ದಾಗ, ಸುಳ್ಳು ಹೆಸರಿನಲ್ಲಿ ಸೇರಲು ಬಂದ ಒಬ್ಬ ವ್ಯಕ್ತಿಯನ್ನು ಅವರು ಹಿಂದಕ್ಕೆ ಕಳುಹಿಸಿದ್ದರು. ಆತ ‘ಅರೇಬಿಯಾದ ಲಾರೆನ್ಸ್’ ಎಂದೇ ಖ್ಯಾತನಾದ ಟಿ.ಇ. ಲಾರೆನ್ಸ್. ಬಳಿಕ ಮೇಲಧಿಕಾರಿಗಳ ಆಜ್ಞೆಯ ಮೇರೆಗೆ ಆತನನ್ನು ಸೇರಿಸಿಕೊಳ್ಳಬೇಕಾಯಿತು. 1932ರಲ್ಲಿ ಜಾನ್ಸ್ ‘ಪಾಪ್ಯುಲರ್ ಫ್ಲೈಯಿಂಗ್’ ಎಂಬ ಮಾಸಪತ್ರಿಕೆಯ ಸಂಪಾದಕರಾದರು. ಬಿಗಲ್ಸ್ ಮೊದಲ ಬಾರಿಗೆ ಕಾಣಿಸಿಕೊಂಡದ್ದು ಅದೇ ವರ್ಷ, ಅದೇ ಪತ್ರಿಕೆಯಲ್ಲಿ. ಪುಸ್ತಕಗಳ ಮೇಲೆ ‘ಕ್ಯಾಪ್ಟನ್ ಜಾನ್ಸ್’ ಎಂದು ಅಚ್ಚಾಗಿದ್ದರೂ ಆ ಹುದ್ದೆ ಅವರೇ ತಮಗೆ ಕೊಟ್ಟುಕೊಂಡದ್ದು. ಜರ್ಮನಿ ಶಸ್ತ್ರಸಜ್ಜಿತವಾಗುತ್ತಿರುವಾಗ ಬ್ರಿಟನ್ ಸರ್ಕಾರ ಕೈಕಟ್ಟಿ ಕುಳಿತಿದೆ ಎಂದು ಸಂಪಾದಕೀಯಗಳಲ್ಲಿ ಕಟುವಾಗಿ ಟೀಕಿಸಿದ ಅವರು 1939ರಲ್ಲಿ ಸಂಪಾದಕ ಸ್ಥಾನವನ್ನೇ ಕಳೆದುಕೊಂಡರು.

ಇಷ್ಟು ಹೇಳಲು ಕಾರಣವಿದೆ. ವೊರಲ್ಸ್ ಕಾದಂಬರಿಗಳಲ್ಲಿ ಬರುವ ಎಂಜಿನ್ನಿನ ಮೊರೆತ, ಮೋಡದೊಳಗೆ ದಿಕ್ಕು ತಪ್ಪುವ ಭಯ, ಇಂಧನ ಮುಗಿಯುತ್ತಿರುವಾಗ ಕೆಳಗೆ ಬಯಲನ್ನು ಹುಡುಕುವ ತವಕ ಇವೆಲ್ಲ ಕೋಣೆಯಲ್ಲಿ ಕುಳಿತು ಊಹಿಸಿದ ವಿವರಗಳಲ್ಲ. ಉರುಳುವ ವಿಮಾನದಲ್ಲಿ ಕುಳಿತು ಬದುಕಿ ಬಂದವನ ಬರಹವದು. ಸರಣಿಯ ಮೊದಲ ಆಕರ್ಷಣೆ ಇದೇ ಎಂದರೆ ತಪ್ಪಾಗಲಾರದು.

ಸರ್ಕಾರದ ಕೋರಿಕೆಯಿಂದ ಹುಟ್ಟಿದ ನಾಯಕಿ

1939ರ ಜೂನ್ ತಿಂಗಳಲ್ಲಿ ಬ್ರಿಟನ್ ‘ವಾಫ್’ ಎಂಬ ಮಹಿಳಾ ಸಹಾಯಕ ವಾಯುಪಡೆಯನ್ನು ಸ್ಥಾಪಿಸಿತು. ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾದಾಗ ಅದರಲ್ಲಿದ್ದವರು ಎರಡು ಸಾವಿರಕ್ಕೂ ಕಡಿಮೆ. ಬೇಕಾಗಿದ್ದವರು ಲಕ್ಷಾಂತರ. ಹುಡುಗಿಯರನ್ನು ಪಡೆಯ ಕಡೆಗೆ ಸೆಳೆಯುವಂಥ ಕಥೆಗಳು ಬೇಕೆಂದು ವಾಯುಪಡೆಯ ಸಚಿವಾಲಯಕ್ಕೆ ಅನ್ನಿಸಿತು. ಬಿಗಲ್ಸ್‌ನ ಜನಪ್ರಿಯತೆ ಕಣ್ಣಮುಂದೆಯೇ ಇತ್ತು. ಸರ್ಕಾರವನ್ನು ಟೀಕಿಸಿ ಕೆಲಸ ಕಳೆದುಕೊಂಡ ಲೇಖಕನ ಬಳಿಗೇ ಸರ್ಕಾರದ ಕೋರಿಕೆ ಬಂದದ್ದು ಕಾಲದ ವ್ಯಂಗ್ಯ.

1940ರಲ್ಲಿ ‘ಗರ್ಲ್ಸ್ ಓನ್ ಪೇಪರ್’ ಎಂಬ ಪತ್ರಿಕೆಯಲ್ಲಿ ವೊರಲ್ಸ್ ಕಥೆ ಧಾರಾವಾಹಿಯಾಗಿ ಮೊದಲಾಯಿತು. 1880ರಿಂದ ನಡೆದುಬಂದ ಈ ಪತ್ರಿಕೆ ಕ್ರೈಸ್ತ ಧಾರ್ಮಿಕ ಸಾಹಿತ್ಯ ಸಂಘವೊಂದರ ಕೂಸು. ಹೆಣ್ಣುಮಕ್ಕಳಿಗೆ ಸದ್ಗುಣ, ಹೊಲಿಗೆ, ಮನೆವಾರ್ತೆಯ ಪಾಠ ಹೇಳಿಕೊಂಡು ಬಂದದ್ದು. ಅಂಥ ಪತ್ರಿಕೆಯ ಪುಟಗಳಲ್ಲಿ ಹದಿನೆಂಟರ ಹುಡುಗಿ ಶತ್ರುವಿಮಾನವನ್ನು ಗುಂಡಿಟ್ಟು ಕೆಡವಿದಳು. ಯುದ್ಧವು ಸಮಾಜದ ಕಟ್ಟುಪಾಡುಗಳನ್ನು ಎಷ್ಟು ಬೇಗ ಸಡಿಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1941ರಲ್ಲಿ ‘ವೊರಲ್ಸ್ ಆಫ್ ದ ವಾಫ್’ ಪುಸ್ತಕರೂಪದಲ್ಲಿ ಹೊರಬಂದಿತು.

ಜಾನ್ಸ್ ಈ ಪಾತ್ರಕ್ಕೆ ಮಾದರಿಯಾಗಿ ತಮಗೆ ಪರಿಚಯವಿದ್ದ ಇಬ್ಬರು ಮಹಿಳಾ ಪೈಲಟ್‌ಗಳನ್ನು ತೆಗೆದುಕೊಂಡರೆಂಬ ಮಾತಿದೆ. ಒಬ್ಬರು ಏಮಿ ಜಾನ್ಸನ್. 1930ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಏಕಾಂಗಿಯಾಗಿ ಹಾರಿದ ಮೊದಲ ಮಹಿಳೆ. ಆ ಪಯಣದಲ್ಲಿ ಕರಾಚಿ, ಝಾನ್ಸಿ, ಅಲಹಾಬಾದ್, ಕಲ್ಕತ್ತಾಗಳಲ್ಲಿ ಇಳಿದು ಹೋಗಿದ್ದರು. ಇನ್ನೊಬ್ಬರು ಪಾಲಿನ್ ಗೋವರ್. ಎಂಜಿನಿಯರ್ ಗೆಳತಿ ಡೊರೊಥಿ ಸ್ಪೈಸರ್ ಜೊತೆಗೂಡಿ ಊರೂರು ಸುತ್ತಿ, ಸಾವಿರಾರು ಜನರಿಗೆ ಹಣ ಪಡೆದು ವಿಮಾನದ ಸವಾರಿ ಮಾಡಿಸಿದ ಧೀರೆ.

ವೊರಲ್ಸ್ ಎಂಥ ಹುಡುಗಿ?

ಮೊದಲ ಕಾದಂಬರಿ ಆರಂಭವಾಗುವಾಗ ವೊರಲ್ಸ್ ಬೇಸತ್ತಿದ್ದಾಳೆ. ವಿಮಾನಗಳನ್ನು ಒಂದು ನೆಲೆಯಿಂದ ಇನ್ನೊಂದಕ್ಕೆ ಸಾಗಿಸುವುದಷ್ಟೇ ಅವಳ ಪಾಲಿನ ಕೆಲಸ. ತನ್ನ ಸಮವಯಸ್ಕ ಹುಡುಗರು ಕಾದಾಡಲು ಹೋಗುತ್ತಿದ್ದಾರೆ. ಅವರಿಗಿಂತ ತಾನು ಯಾವುದರಲ್ಲಿ ಕಡಿಮೆ ಎಂಬುದು ಅವಳ ಪ್ರಶ್ನೆ. ಹೀಗಿರುವಾಗ ಒಂದು ಯುದ್ಧವಿಮಾನವನ್ನು ಸಾಗಿಸುವ ಅವಕಾಶ ಒದಗುತ್ತದೆ. ದಾರಿಯಲ್ಲಿ, ಸಂಶಯಾಸ್ಪದ ವಿಮಾನವೊಂದನ್ನು ಹೇಗಾದರೂ ತಡೆಯಬೇಕೆಂಬ ಆಜ್ಞೆ ರೇಡಿಯೊದಲ್ಲಿ ಕೇಳಿಬರುತ್ತದೆ. ಹತ್ತಿರದಲ್ಲಿ ಬೇರೆ ಯಾರೂ ಇಲ್ಲ. ಅವಳು ಆ ಕೆಲಸ ಮುಗಿಸುತ್ತಾಳೆ. ಅಲ್ಲಿಂದ ಮುಂದೆ ಬೇಹುಗಾರರ ಜಾಲದ ಬೆನ್ನು ಹತ್ತುವ ಕಥೆ.

ಗುಂಡು ಹಾರಿಸಿದ ಬಳಿಕ ವೊರಲ್ಸ್ ಕುಣಿದಾಡುವುದಿಲ್ಲ. ತನ್ನ ಕೈಯಿಂದ ಸಾವು ಸಂಭವಿಸಿತೆಂಬ ಅರಿವು ಅವಳನ್ನು ಅಲುಗಾಡಿಸುತ್ತದೆ. ಅವಳ ಜೊತೆಗಾತಿ ಬೆಟ್ಟಿ ಲವೆಲ್. ಮುಖದ ಮೇಲಿನ ಕಂದುಚುಕ್ಕೆಗಳಿಂದಾಗಿ ಅವಳ ಅಡ್ಡಹೆಸರು ‘ಫ್ರೆಕ್ಸ್’. ಫ್ರೆಕ್ಸ್ ಸ್ವಭಾವದಿಂದ ಎಚ್ಚರದವಳು. ಹಸಿವು, ನಿದ್ದೆ, ಭಯ ಮೂರನ್ನೂ ಮುಚ್ಚಿಡದೆ ಹೇಳಿಕೊಳ್ಳುವವಳು. ಆದರೂ ಗೆಳತಿ ಹೊರಟ ಕಡೆಗೆಲ್ಲ ಹೊರಡುವವಳು. ವೊರಲ್ಸ್‌ಳ ಹಟ, ಫ್ರೆಕ್ಸ್‌ಳ ಗೊಣಗು ಇವೆರಡರ ಜೋಡಿಯಿಂದ ಕಥೆಗೆ ಹಾಸ್ಯವೂ ಆಪ್ತತೆಯೂ ಬಂದಿವೆ.

ಬಿಲ್ ಆಷ್ಟನ್ ಎಂಬ ಯುವ ಪೈಲಟ್‌ಗೆ ವೊರಲ್ಸ್ ಮೇಲೆ ಒಲವಿದೆ. ಪ್ರೇಮದ ಮಾತು ಬಂದಾಗಲೆಲ್ಲ ಅವಳು ಅದನ್ನು ಮುಂದೂಡುತ್ತಾಳೆ. ಕೈಯಲ್ಲಿರುವ ಕೆಲಸ ಮೊದಲು ಎಂಬುದು ಅವಳ ನಿಲುವು. ಹುಡುಗಿಯರಿಗಾಗಿ ಬರೆದ ಅನೇಕ ಕಥೆಗಳು ಮದುವೆಯ ಮಂಟಪದಲ್ಲೇ ಮುಗಿಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯೇನಲ್ಲ. ‘ಇದು ಹೆಣ್ಣಿನ ಕೆಲಸವಲ್ಲ’ ಎನ್ನುವ ಅಧಿಕಾರಿಗಳು ಕಾದಂಬರಿಗಳಲ್ಲಿ ಎದುರಾಗುತ್ತಾರೆ. ವೊರಲ್ಸ್ ಅವರೊಂದಿಗೆ ವಾದಕ್ಕಿಳಿಯುತ್ತಾಳೆ, ಬಳಿಕ ಕೆಲಸ ಮಾಡಿ ತೋರಿಸುತ್ತಾಳೆ.

ಧಾರಾವಾಹಿಯಾಗಿ ಹುಟ್ಟಿದ ಕಾರಣ ಕಥನದ ಕಟ್ಟು ಬಿಗಿಯಾಗಿದೆ. ಅಧ್ಯಾಯಗಳು ಚಿಕ್ಕವು. ಪ್ರತಿ ಅಧ್ಯಾಯದಲ್ಲಿಯೂ ಒಂದು ಇಕ್ಕಟ್ಟು ಎದುರಾಗುತ್ತದೆ, ಒಂದು ನಿರ್ಧಾರ ತೆಗೆದುಕೊಳ್ಳಬೇಕಾಗುತ್ತದೆ, ಆ ನಿರ್ಧಾರವೇ ಮುಂದಿನ ಇಕ್ಕಟ್ಟಿಗೆ ದಾರಿಯಾಗುತ್ತದೆ. ಮುಂದೇನಾಯಿತು ಎಂಬ ಕುತೂಹಲದಲ್ಲಿ ಓದುಗರು ಮುಂದಿನ ಸಂಚಿಕೆಗಾಗಿ ಕಾಯಬೇಕಾಗಿತ್ತು. ಇಂದಿನ ಓದುಗರು ಪುಟ ಮಗುಚಿದರೆ ಸಾಕು.

ಕಾದಂಬರಿಯ ಸುಳ್ಳು

ಇನ್ನು ಎರಡನೆಯ ಬಗೆಯ ಓದಿಗೆ ಬರೋಣ. ವೊರಲ್ಸ್ ಸರಣಿಯ ಬುನಾದಿಯಲ್ಲಿಯೇ ಒಂದು ಸುಳ್ಳು ಅಡಗಿದೆ: ವಾಫ್‌ನ ಮಹಿಳೆಯರಿಗೆ ವಿಮಾನ ಹಾರಿಸುವ ಅವಕಾಶವೇ ಇರಲಿಲ್ಲ.

ಪಡೆ ಸೇರಿದ ಹುಡುಗಿಯರು ಪ್ಯಾರಾಚೂಟ್‌ಗಳನ್ನು ಮಡಚಿದರು, ರೇಡಾರ್ ತೆರೆಗಳ ಮುಂದೆ ರಾತ್ರಿಯಿಡೀ ಕುಳಿತರು, ದಾಳಿಗೆ ಬರುವ ವಿಮಾನಗಳ ಜಾಡನ್ನು ದೊಡ್ಡ ನಕ್ಷೆಗಳ ಮೇಲೆ ಗುರುತಿಸಿದರು, ತಂತಿರಹಿತ ಯಂತ್ರಗಳನ್ನು ನಡೆಸಿದರು, ಎಂಜಿನ್‌ಗಳನ್ನು ಬಿಚ್ಚಿ ಜೋಡಿಸಿದರು, ಶತ್ರುವಿಮಾನಗಳು ತಗ್ಗಿನಲ್ಲಿ ಹಾರದಂತೆ ತಡೆಯುವ ಬೃಹತ್ ಬಲೂನುಗಳನ್ನು ಏರಿಸಿದರು. 1943ರ ವೇಳೆಗೆ ಅವರ ಸಂಖ್ಯೆ 1,80,000 ದಾಟಿತ್ತು. ಸಮಾನ ಹುದ್ದೆಯ ಗಂಡಸರಿಗೆ ಸಿಗುತ್ತಿದ್ದ ಸಂಬಳದ ಮೂರನೇ ಎರಡು ಭಾಗವಷ್ಟೇ ಅವರಿಗೆ ಸಿಗುತ್ತಿತ್ತು. ಬಾಂಬು ದಾಳಿಗೆ ಒಳಗಾದ ನೆಲೆಗಳಲ್ಲಿ ತಮ್ಮ ಸ್ಥಾನ ಬಿಡದೆ ನಿಂತು ಆರು ಮಂದಿ ‘ಮಿಲಿಟರಿ ಮೆಡಲ್’ ಪಡೆದರು. 1940ರ ಮೇ 31ರ ರಾತ್ರಿ ಡೆಟ್ಲಿಂಗ್ ನೆಲೆಯಲ್ಲಿ ಉರುಳಿಬಿದ್ದ ಬಾಂಬರಿನಿಂದ ಪೈಲಟ್‌ನನ್ನು ಎಳೆದು ತಂದು, ಬಾಂಬು ಸಿಡಿದಾಗ ತನ್ನ ದೇಹವನ್ನೇ ಅಡ್ಡವಾಗಿಟ್ಟ ಡಾಫ್ನಿ ಪಿಯರ್ಸನ್ ವಾಫ್‌ನವರೇ. ಧೈರ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಅವರಲ್ಲಿ ಯಾರನ್ನೂ ಪೈಲಟ್‌ನ ಆಸನದಲ್ಲಿ ಕೂರಿಸಿರಲಿಲ್ಲ.

ಅಂದರೆ, ವೊರಲ್ಸ್ ಕಥೆ ಓದಿ ಹಾರುವ ಕನಸು ಹೊತ್ತು ಪಡೆ ಸೇರಿದ ಹುಡುಗಿಗೆ ಅಲ್ಲಿ ಕಾದಿದ್ದುದು ಬೇರೆಯೇ ಕೆಲಸ. ಪ್ರಚಾರ ಸಾಹಿತ್ಯದ ಲಕ್ಷಣವೇ ಇದು. ಅದು ಕೊಡಲಾಗದ್ದನ್ನು ತೋರಿಸಿ, ತನಗೆ ಬೇಕಾದುದನ್ನು ಪಡೆಯುತ್ತದೆ. ಈ ಸರಣಿಯನ್ನು ಸವಿಯುವ ಓದುಗರು ಈ ಮಾತನ್ನು ಮರೆಯಬಾರದು.

ನಿಜವಾಗಿ ಹಾರಿದವರು

ಹಾಗಾದರೆ ವೊರಲ್ಸ್ ಮಾಡುತ್ತಿದ್ದ ವಿಮಾನ ಸಾಗಣೆಯ ಕೆಲಸವನ್ನು ಹೆಣ್ಣುಮಕ್ಕಳು ಮಾಡಲೇ ಇಲ್ಲವೇ? ಮಾಡಿದರು; ಆದರೆ ಬೇರೊಂದು ಸಂಸ್ಥೆಯ ಮೂಲಕ. ಅದರ ಹೆಸರು ‘ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿ’. ಕಾರ್ಖಾನೆಗಳಿಂದ ಹೊಸ ವಿಮಾನಗಳನ್ನು ವಾಯುನೆಲೆಗಳಿಗೂ, ಜಖಂಗೊಂಡವನ್ನು ದುರಸ್ತಿ ಕೇಂದ್ರಗಳಿಗೂ ಸಾಗಿಸುವುದು ಈ ನಾಗರಿಕ ಸಂಸ್ಥೆಯ ಹೊಣೆ.

1940ರ ಜನವರಿ 1ರಂದು ಹ್ಯಾಟ್‌ಫೀಲ್ಡ್‌ನಲ್ಲಿ ಎಂಟು ಮಂದಿ ಮಹಿಳೆಯರೊಂದಿಗೆ ಇದರ ಮಹಿಳಾ ವಿಭಾಗ ಆರಂಭವಾಯಿತು. ಮುಖ್ಯಸ್ಥೆ, ವೊರಲ್ಸ್‌ಗೆ ಮಾದರಿಯಾದ ಅದೇ ಪಾಲಿನ್ ಗೋವರ್. ಮೊದಲಿಗೆ ಕೊಟ್ಟದ್ದು ‘ಟೈಗರ್ ಮಾತ್’ ಎಂಬ ತರಬೇತಿ ವಿಮಾನಗಳು. ತಲೆಯ ಮೇಲೆ ಮುಚ್ಚಿಗೆಯಿಲ್ಲದ ಈ ವಿಮಾನಗಳಲ್ಲಿ ಕೊರೆಯುವ ಚಳಿಗಾಲದಲ್ಲಿ ಸ್ಕಾಟ್ಲೆಂಡ್‌ವರೆಗೆ ಹಾರಬೇಕಾಗಿತ್ತು. ಒಂದೂವರೆ ವರ್ಷದ ನಂತರ, 1941ರ ಜುಲೈನಲ್ಲಿ, ‘ಹರಿಕೇನ್’ ಯುದ್ಧವಿಮಾನ ನಡೆಸಲು ಅನುಮತಿ ದೊರೆಯಿತು. ಮುಂದೆ ‘ಸ್ಪಿಟ್‌ಫೈರ್’ ಬಂತು. ಕೆಲವರು ನಾಲ್ಕು ಎಂಜಿನ್ನುಗಳ ಭಾರೀ ಬಾಂಬರುಗಳನ್ನೂ ನಡೆಸಿದರು. ಯುದ್ಧ ಮುಗಿಯುವ ಹೊತ್ತಿಗೆ 160ಕ್ಕೂ ಹೆಚ್ಚು ಮಹಿಳಾ ಪೈಲಟ್‌ಗಳು ಇಲ್ಲಿ ಸೇವೆ ಸಲ್ಲಿಸಿದ್ದರು. ಬ್ರಿಟನ್ನಿನವರಷ್ಟೇ ಅಲ್ಲದೆ ಪೋಲೆಂಡ್, ಅಮೆರಿಕ, ಚಿಲಿ ಮೊದಲಾದ ದೇಶಗಳವರೂ ಅವರಲ್ಲಿದ್ದರು. ಗಂಡಸರೂ ಸೇರಿದಂತೆ ಈ ಸಂಸ್ಥೆಯ ಪೈಲಟ್‌ಗಳು ಸಾಗಿಸಿದ ವಿಮಾನಗಳ ಸಂಖ್ಯೆ ಮೂರು ಲಕ್ಷಕ್ಕೂ ಅಧಿಕ.

ಇವರ ಕೆಲಸದ ರೀತಿಯನ್ನು ತಿಳಿದರೆ ಕಾದಂಬರಿಯ ರೋಚಕತೆ ಸಪ್ಪೆಯೆನಿಸಬಹುದು. ಒಂದೇ ದಿನ ಮೂರು–ನಾಲ್ಕು ಬಗೆಯ ವಿಮಾನಗಳನ್ನು ನಡೆಸಬೇಕಾಗುತ್ತಿತ್ತು. ಹಿಂದೆಂದೂ ಕುಳಿತಿರದ ವಿಮಾನವನ್ನು ಏರುವಾಗ ಪೈಲಟ್‌ನ ಕೈಯಲ್ಲಿರುತ್ತಿದ್ದುದು ಚಿಕ್ಕ ಕಾರ್ಡುಗಳನ್ನು ಪೋಣಿಸಿದ ಕೈಪಿಡಿ ಮಾತ್ರ. ಒಂದೊಂದು ಮಾದರಿಗೆ ಒಂದೊಂದು ಕಾರ್ಡು. ಏರುವ ವೇಗವೆಷ್ಟು, ಇಳಿಯುವ ವೇಗವೆಷ್ಟು, ಯಾವ ಹಿಡಿಕೆ ಎಲ್ಲಿದೆ ಎಂಬುದನ್ನು ಅದರಲ್ಲಿ ಓದಿಕೊಂಡು ಹೊರಡಬೇಕು. ವೊರಲ್ಸ್‌ಗೆ ರೇಡಿಯೊದಲ್ಲಿ ಆಜ್ಞೆ ಕೇಳಿಸಿತಲ್ಲವೇ? ಇವರು ರೇಡಿಯೊ ಇಲ್ಲದೆ ಹಾರಿದರು. ವೊರಲ್ಸ್ ಬಂದೂಕು ಚಲಾಯಿಸಿದಳಲ್ಲವೇ? ಇವರ ವಿಮಾನಗಳ ಬಂದೂಕುಗಳಲ್ಲಿ ಸಾಮಾನ್ಯವಾಗಿ ಗುಂಡುಗಳೇ ಇರುತ್ತಿರಲಿಲ್ಲ. ಕೆಳಗಿನ ರೈಲುಹಳಿ, ನದಿ, ರಸ್ತೆಗಳನ್ನು ಕಣ್ಣಿನಿಂದ ಗುರುತಿಸಿಕೊಂಡು ದಾರಿ ಹಿಡಿಯಬೇಕು. ಮೋಡ ಕವಿದರೆ ಅದೇ ಮೃತ್ಯು.

ಏಮಿ ಜಾನ್ಸನ್ ಅವರ ಅಂತ್ಯ ಹೀಗೆಯೇ ಆಯಿತು. 1941ರ ಜನವರಿ 5ರಂದು ‘ಆಕ್ಸ್‌ಫರ್ಡ್’ ಎಂಬ ವಿಮಾನವನ್ನು ಬ್ಲ್ಯಾಕ್‌ಪೂಲ್‌ನಿಂದ ಒಯ್ಯುತ್ತಿದ್ದಾಗ ಕೆಟ್ಟ ಹವೆಯಲ್ಲಿ ದಾರಿತಪ್ಪಿ ಥೇಮ್ಸ್ ನದಿಯ ಅಳಿವೆಯಲ್ಲಿ ಬಿದ್ದು ಅವರು ಅಸುನೀಗಿದರು. ಮೃತದೇಹ ಸಿಗಲಿಲ್ಲ. ವೊರಲ್ಸ್ ಧಾರಾವಾಹಿ ಆರಂಭವಾಗಿ ಕೆಲವೇ ತಿಂಗಳುಗಳಾಗಿದ್ದವು. ಕಥೆಯ ನಾಯಕಿ ಮುಂದಿನ ಸಾಹಸಕ್ಕೆ ಸಜ್ಜಾಗುತ್ತಿದ್ದಾಗ ಅವಳ ಮಾದರಿ ನೀರಿನ ಪಾಲಾಗಿದ್ದರು.

ಪಾಲಿನ್ ಗೋವರ್ ಮಾತ್ರ ತಮ್ಮ ಯುದ್ಧವನ್ನು ಕಚೇರಿಯ ಮೇಜಿನ ಮೇಲೂ ಗೆದ್ದರು. ಆರಂಭದಲ್ಲಿ ಮಹಿಳಾ ಪೈಲಟ್‌ಗಳ ಸಂಬಳ ಗಂಡಸರಿಗಿಂತ ಶೇ. 20ರಷ್ಟು ಕಡಿಮೆಯಿತ್ತು. 1943ರಲ್ಲಿ ಅದು ಸಮಾನವಾಯಿತು. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ತತ್ತ್ವವನ್ನು ಬ್ರಿಟನ್ ಸರ್ಕಾರ ಒಪ್ಪಿಕೊಂಡ ಮೊದಮೊದಲ ನಿದರ್ಶನಗಳಲ್ಲಿ ಇದೂ ಒಂದು. 1947ರಲ್ಲಿ ಅವಳಿ ಮಕ್ಕಳಿಗೆ ಜನ್ಮವಿತ್ತ ಬೆನ್ನಲ್ಲೇ ಅವರು ತೀರಿಕೊಂಡರು. ಆಗ ಅವರ ವಯಸ್ಸು 36.

ಕಾಳಗಕ್ಕೇ ಇಳಿದವರು

ಬ್ರಿಟನ್ನಿನ ಕಾದಂಬರಿ ಕಲ್ಪಿಸಿಕೊಂಡುದನ್ನು ಸೋವಿಯತ್ ಒಕ್ಕೂಟ ನಿಜವಾಗಿಯೇ ಮಾಡಿತ್ತು. ಖ್ಯಾತ ವೈಮಾನಿಕ ಪಥದರ್ಶಿ ಮರೀನಾ ರಾಸ್ಕೋವಾ ಅವರ ನೇತೃತ್ವದಲ್ಲಿ 1941ರ ಅಕ್ಟೋಬರಿನಲ್ಲಿ ಮಹಿಳೆಯರ ಮೂರು ವೈಮಾನಿಕ ರೆಜಿಮೆಂಟುಗಳನ್ನು ಕಟ್ಟಲಾಯಿತು. ಅವುಗಳಲ್ಲಿ 588ನೆಯದು ರಾತ್ರಿ ಬಾಂಬು ದಾಳಿಯದು. ಮರ ಮತ್ತು ಬಟ್ಟೆಯಿಂದ ಮಾಡಿದ ‘ಪೊ–2’ ಎಂಬ ಹಗುರ ವಿಮಾನಗಳಲ್ಲಿ ಈ ಹುಡುಗಿಯರು ಕತ್ತಲೆಯಲ್ಲಿ ಬಂದು, ಗುರಿ ಸಮೀಪಿಸಿದಾಗ ಎಂಜಿನ್ನನ್ನು ತಗ್ಗಿಸಿ, ಗಾಳಿಯಲ್ಲಿ ತೇಲುತ್ತ ಬಾಂಬು ಹಾಕಿ ಹೋಗುತ್ತಿದ್ದರು. ಜರ್ಮನ್ ಸೈನಿಕರು ಅವರಿಗೆ ‘ರಾತ್ರಿಯ ಮಾಟಗಾತಿಯರು’ ಎಂದು ಹೆಸರಿಟ್ಟರು. ಈ ರೆಜಿಮೆಂಟು ಯುದ್ಧದುದ್ದಕ್ಕೂ ನಡೆಸಿದ ಹಾರಾಟಗಳು 23 ಸಾವಿರಕ್ಕೂ ಹೆಚ್ಚು. ಯುದ್ಧವಿಮಾನ ನಡೆಸಿ ಅನೇಕ ಶತ್ರುವಿಮಾನಗಳನ್ನು ಉರುಳಿಸಿದ ಲಿಡಿಯಾ ಲಿತ್ವ್ಯಾಕ್ 1943ರ ಆಗಸ್ಟ್ 1ರಂದು ಹೋದವಳು ಹಿಂದಿರುಗಲಿಲ್ಲ. ಆಕೆಗೆ 21 ವರ್ಷ. ವೊರಲ್ಸ್‌ಗಿಂತ ಮೂರೇ ವರ್ಷ ದೊಡ್ಡವಳು.

ಅಮೆರಿಕದಲ್ಲಿ ‘ವಾಸ್ಪ್’ ಎಂಬ ಸಂಸ್ಥೆಯಡಿ ತರಬೇತಿ ಮುಗಿಸಿದ 1,074 ಮಹಿಳೆಯರು ಸೇನೆಯ ವಿಮಾನಗಳನ್ನು ಸಾಗಿಸಿದರು, ಪರೀಕ್ಷಿಸಿದರು, ತೋಪು ಗುರಿಯ ಅಭ್ಯಾಸಕ್ಕೆ ಗುರಿಪರದೆಗಳನ್ನು ಎಳೆದುಕೊಂಡು ಹಾರಿದರು. 38 ಮಂದಿ ಪ್ರಾಣ ತೆತ್ತರು. ಅವರನ್ನು ಸೈನಿಕರೆಂದು ಪರಿಗಣಿಸದ ಕಾರಣ ಅಂತ್ಯಕ್ರಿಯೆಗೆ ಸೇನಾ ಗೌರವವಿರಲಿಲ್ಲ. 1944ರ ಡಿಸೆಂಬರಿನಲ್ಲಿ ಸಂಸ್ಥೆಯನ್ನೇ ಮುಚ್ಚಲಾಯಿತು. ಮಾಜಿ ಸೈನಿಕರ ಸ್ಥಾನಮಾನ ದೊರೆತದ್ದು 1977ರಲ್ಲಿ. ಅಮೆರಿಕ ಸಂಸತ್ತಿನ ಚಿನ್ನದ ಪದಕ ಕೈಸೇರಿದ್ದು 2010ರಲ್ಲಿ, ಬಹುತೇಕರು ಕಾಲವಾದ ಮೇಲೆ.

ಟಿಪ್ಪುವಿನ ವಂಶದ ಕುಡಿ

ಸರಣಿಯ ಎರಡನೆಯ ಮತ್ತು ಮೂರನೆಯ ಕಾದಂಬರಿಗಳು (‘ವೊರಲ್ಸ್ ಕ್ಯಾರೀಸ್ ಆನ್’, ‘ವೊರಲ್ಸ್ ಫ್ಲೈಸ್ ಅಗೇನ್’) 1942ರಲ್ಲಿ ಪ್ರಕಟಗೊಂಡವು. ಅವುಗಳಲ್ಲಿ ವೊರಲ್ಸ್ ಮತ್ತು ಫ್ರೆಕ್ಸ್ ಜರ್ಮನರ ವಶದಲ್ಲಿದ್ದ ಫ್ರಾನ್ಸಿನೊಳಗೆ ಗುಪ್ತವಾಗಿ ಕೆಲಸ ಮಾಡುತ್ತಾರೆ. ಒಂದು ಕಥೆಯಲ್ಲಂತೂ ರೆಕ್ಕೆ ಮಡಚುವ ಪುಟ್ಟ ವಿಮಾನವನ್ನು ಹಳೆಯ ಕೋಟೆಮನೆಯೊಂದರಲ್ಲಿ ಬಚ್ಚಿಡುತ್ತಾರೆ. ಓದುವಾಗ ಇದು ಅತಿರಂಜಿತವೆನಿಸುತ್ತದೆ. ಆದರೆ ಈ ಪುಸ್ತಕಗಳು ಅಚ್ಚಾಗುತ್ತಿದ್ದ ಕಾಲದಲ್ಲಿಯೇ ಬ್ರಿಟನ್ನಿನ ಗುಪ್ತ ಕಾರ್ಯಾಚರಣೆ ಸಂಸ್ಥೆ ಮಹಿಳೆಯರನ್ನು ಫ್ರಾನ್ಸಿಗೆ ಕಳುಹಿಸತೊಡಗಿತ್ತು. ಅವರಲ್ಲಿ ಕೆಲವರು ವಾಫ್‌ನ ಸಮವಸ್ತ್ರ ತೊಟ್ಟವರೇ ಆಗಿದ್ದರು.

ಅಂಥವರಲ್ಲಿ ಒಬ್ಬಳು ಮೈಸೂರಿನ ಟಿಪ್ಪು ಸುಲ್ತಾನನ ವಂಶಸ್ಥೆ ಎಂಬುದು ಕನ್ನಡಿಗರ ಗಮನ ಸೆಳೆಯುವ ಸಂಗತಿ. ಆಕೆ ನೂರ್ ಇನಾಯತ್ ಖಾನ್. ತಂದೆ ಸೂಫಿ ಗುರು, ಸಂಗೀತಗಾರ ಹಜರತ್ ಇನಾಯತ್ ಖಾನ್. ಅವರ ತಾಯಿಯ ತಂದೆ, ಬರೋಡಾದ ಹೆಸರಾಂತ ಸಂಗೀತ ವಿದ್ವಾಂಸ ಮೌಲಾ ಬಕ್ಷ್, ಟಿಪ್ಪುವಿನ ಮೊಮ್ಮಗಳ ಕೈಹಿಡಿದಿದ್ದರು. 1914ರಲ್ಲಿ ಮಾಸ್ಕೋದಲ್ಲಿ ಜನಿಸಿ ಪ್ಯಾರಿಸ್ ಬಳಿ ಬೆಳೆದ ನೂರ್ ಮೃದು ಸ್ವಭಾವದ ಲೇಖಕಿ. ಮಕ್ಕಳಿಗಾಗಿ ಆಕೆ ಬರೆದ ಜಾತಕ ಕಥೆಗಳ ಸಂಕಲನ 1939ರಲ್ಲಿ ಪ್ರಕಟವಾಗಿತ್ತು. ಫ್ರಾನ್ಸ್ ಜರ್ಮನರ ವಶವಾದಾಗ ಇಂಗ್ಲೆಂಡಿಗೆ ಬಂದು, 1940ರ ನವೆಂಬರಿನಲ್ಲಿ ವಾಫ್ ಸೇರಿ, ತಂತಿರಹಿತ ಯಂತ್ರ ನಡೆಸುವುದನ್ನು ಕಲಿತಳು.

1943ರ ಜೂನ್ 16ರ ರಾತ್ರಿ ಬೆಳುದಿಂಗಳಿನಲ್ಲಿ ‘ಲೈಸಾಂಡರ್’ ವಿಮಾನಗಳು ಗುಪ್ತಚರರನ್ನು ಹೊತ್ತು ಫ್ರಾನ್ಸಿನತ್ತ ಹೊರಟವು. ಚಿಕ್ಕ ಹೊಲದಲ್ಲೂ ಇಳಿಯಬಲ್ಲ ಈ ವಿಮಾನಗಳಿಗೆ ನೆಲದಲ್ಲಿ ನಿಂತವರು ಟಾರ್ಚುಗಳ ಬೆಳಕಿನಿಂದ ಇಳಿಯುವ ಜಾಗ ತೋರಿಸುತ್ತಿದ್ದರು. ವೊರಲ್ಸ್ ಕಥೆಯಲ್ಲಿ ಬರುವಂಥದೇ ದೃಶ್ಯ. ಅಂದು ಹೋದ ವಾಫ್‌ನ ಮೂವರು ಮಹಿಳೆಯರು ನೂರ್, ಡಯಾನಾ ರೌಡನ್ ಮತ್ತು ಸೆಸಿಲಿ ಲೆಫೋರ್.

ನೂರ್ ಇಳಿದ ಕೆಲವೇ ದಿನಗಳಲ್ಲಿ ಪ್ಯಾರಿಸ್ಸಿನ ಗುಪ್ತಜಾಲವನ್ನು ಜರ್ಮನರು ಭೇದಿಸಿದರು. ಹಿಂದಿರುಗುವಂತೆ ಲಂಡನ್ ಹೇಳಿದರೂ ಆಕೆ ಒಪ್ಪಲಿಲ್ಲ. ಯಂತ್ರವನ್ನು ಹೊತ್ತು ಮನೆಯಿಂದ ಮನೆಗೆ ಜಾಗ ಬದಲಿಸುತ್ತ ಸುಮಾರು ನಾಲ್ಕು ತಿಂಗಳು ಸಂದೇಶಗಳನ್ನು ಕಳುಹಿಸಿದಳು. ಒಂದೇ ಜಾಗದಿಂದ ಹೆಚ್ಚು ಹೊತ್ತು ಸಂದೇಶ ಕಳುಹಿಸಿದರೆ ಜರ್ಮನರ ಪತ್ತೆವಾಹನಗಳು ಬಾಗಿಲಿಗೇ ಬರುತ್ತಿದ್ದವು. ಅಕ್ಟೋಬರಿನಲ್ಲಿ ಯಾರೋ ಮಾಡಿದ ದ್ರೋಹದಿಂದ ಸೆರೆಸಿಕ್ಕಳು. ತಪ್ಪಿಸಿಕೊಳ್ಳಲು ಯತ್ನಿಸಿದ ಕಾರಣಕ್ಕೆ ಜರ್ಮನಿಯ ಸೆರೆಮನೆಯಲ್ಲಿ ಸರಪಳಿ ಬಿಗಿದು ತಿಂಗಳುಗಟ್ಟಲೆ ಒಂಟಿಯಾಗಿ ಇಡಲಾಯಿತು. 1944ರ ಸೆಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ಗುಂಡಿಟ್ಟು ಕೊಂದರು. 1949ರಲ್ಲಿ ಆಕೆಗೆ ಮರಣೋತ್ತರವಾಗಿ ‘ಜಾರ್ಜ್ ಕ್ರಾಸ್’ ಗೌರವ ಸಂದಿತು. 2012ರಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರ್‌ನಲ್ಲಿ ಪ್ರತಿಮೆ ಅನಾವರಣಗೊಂಡಿತು.

ಆ ರಾತ್ರಿ ಹೋದ ಡಯಾನಾ ಮತ್ತು ಸೆಸಿಲಿ ಕೂಡ ಶಿಬಿರಗಳಲ್ಲಿ ಕೊಲೆಯಾದರು. ಮೂವರಲ್ಲಿ ಒಬ್ಬರೂ ಮರಳಲಿಲ್ಲ. ವೊರಲ್ಸ್ ಮತ್ತು ಫ್ರೆಕ್ಸ್ ಪ್ರತಿ ಪುಸ್ತಕದ ಕೊನೆಯಲ್ಲೂ ಸುರಕ್ಷಿತವಾಗಿ ಮನೆಗೆ ಬರುತ್ತಾರೆ. ಕಥೆ ತೋರಿಸದೆ ಬಿಟ್ಟದ್ದು ಸಾಹಸದ ಬೆಲೆಯನ್ನು. ಆ ಬೆಲೆಯನ್ನು ತಿಳಿದು ಓದಿದಾಗ, ಬಯಲಿನಲ್ಲಿ ವಿಮಾನವಿಳಿಯುವ ಒಂದು ಸಾಧಾರಣ ಪುಟವೂ ಎದೆಯನ್ನು ತಟ್ಟದೆ ಇರದು.

ಓದುವಾಗ ಇರಬೇಕಾದ ಎಚ್ಚರ

ಈ ಕಾದಂಬರಿಗಳು ತಮ್ಮ ಕಾಲದ ದೋಷಗಳನ್ನೂ ಹೊತ್ತಿವೆ. ಬ್ರಿಟಿಷ್ ಸಾಮ್ರಾಜ್ಯವೇ ನ್ಯಾಯದ ಪಕ್ಷ ಎಂಬುದನ್ನು ಲೇಖಕರು ಪ್ರಶ್ನಿಸುವುದಿಲ್ಲ. ಮಧ್ಯಪ್ರಾಚ್ಯ, ಆಫ್ರಿಕಾ, ಶಾಂತಸಾಗರದ ದ್ವೀಪಗಳಲ್ಲಿ ನಡೆಯುವ ಕಥೆಗಳಲ್ಲಿ ಅಲ್ಲಿನ ಜನರನ್ನು ಚಿತ್ರಿಸಿದ ರೀತಿ ಇಂದಿನ ಓದುಗರಿಗೆ, ಅದರಲ್ಲೂ ಅದೇ ಸಾಮ್ರಾಜ್ಯದ ಆಳ್ವಿಕೆ ಅನುಭವಿಸಿದ ನಮಗೆ, ಇರಿಸುಮುರಿಸು ತರುತ್ತದೆ. ಶತ್ರುಗಳು ಬಹುಪಾಲು ಕ್ರೂರಿಗಳು ಅಥವಾ ಮಂದಬುದ್ಧಿಯವರು. ಹೆಣ್ಣಿನ ಸಾಮರ್ಥ್ಯದ ವಿಷಯದಲ್ಲಿ ಕಾಲಕ್ಕಿಂತ ಮುಂದಿದ್ದ ಲೇಖಕ, ಜನಾಂಗದ ವಿಷಯದಲ್ಲಿ ಕಾಲದೊಳಗೇ ಉಳಿದರು.

ಆದ್ದರಿಂದ ಮಕ್ಕಳ ಕೈಗೆ ಈ ಪುಸ್ತಕ ಕೊಡುವ ಹಿರಿಯರು ತಾವೂ ಜೊತೆಯಲ್ಲಿ ಓದುವುದು ಒಳಿತು. ದೋಷವಿದೆಯೆಂದು ಪುಸ್ತಕವನ್ನೇ ದೂರವಿಟ್ಟರೆ ಅದರ ಗುಣವೂ ಕೈತಪ್ಪುತ್ತದೆ. ‘ಇದನ್ನು ಹೀಗೇಕೆ ಬರೆದರು?’ ಎಂಬ ಪ್ರಶ್ನೆ ಮಕ್ಕಳಲ್ಲಿ ಮೂಡಿದರೆ, ಓದಿನ ಅರ್ಧ ಫಲ ಸಿಕ್ಕಂತೆಯೇ.

ಎಲ್ಲಿಂದ ಆರಂಭಿಸಬೇಕು?

ಸರಣಿಯ ಹನ್ನೊಂದು ಪುಸ್ತಕಗಳನ್ನು ಎರಡು ಭಾಗಗಳಾಗಿ ನೋಡಬಹುದು. 1941ರಿಂದ 1945ರವರೆಗಿನ ಆರು ಕಾದಂಬರಿಗಳು ಯುದ್ಧಕಾಲದವು. ಮೊದಲ ಮೂರರ ನಂತರ ಬರುವ ‘ವೊರಲ್ಸ್ ಆನ್ ದ ವಾರ್‌ಪಾತ್’ (1943) ಮತ್ತೆ ಫ್ರಾನ್ಸಿನದು. ‘ವೊರಲ್ಸ್ ಗೋಸ್ ಈಸ್ಟ್’ (1944) ಮಧ್ಯಪ್ರಾಚ್ಯದ್ದು. ‘ವೊರಲ್ಸ್ ಆಫ್ ದ ಐಲೆಂಡ್ಸ್’ (1945) ಶಾಂತಸಾಗರದ ಸಮರದ್ದು. 1947ರಿಂದ 1950ರವರೆಗಿನ ಐದು ಕಾದಂಬರಿಗಳು ಯುದ್ಧಾನಂತರದವು. ಆಫ್ರಿಕಾ, ಆಸ್ಟ್ರೇಲಿಯಾ, ಉತ್ತರ ಕೆನಡಾ ಮೊದಲಾದ ಕಡೆಗಳಲ್ಲಿ ನಡೆಯುತ್ತವೆ. ಅವುಗಳಲ್ಲಿ ಪತ್ತೇದಾರಿಯ ಅಂಶ ಹೆಚ್ಚು. ಮೊದಲಿನ ತುರ್ತು ಕಡಿಮೆ.

ಹೊಸ ಓದುಗರು ಮೊದಲ ಮೂರನ್ನು ಅನುಕ್ರಮದಲ್ಲಿಯೇ ಓದುವುದು ಸೂಕ್ತ. 2013ರಲ್ಲಿ ಬ್ರಿಟನ್ನಿನ ‘ಇಂಡಿಬುಕ್ಸ್’ ಪ್ರಕಾಶನ ಇವೇ ಮೂರನ್ನು ಮರುಮುದ್ರಿಸಿತು. ಹಳೆಯ ಮುದ್ರಣಗಳ ರಕ್ಷಾಕವಚಗಳ ಮೇಲಿನ ಬಣ್ಣದ ಚಿತ್ರಗಳಿಗೆ ಸಂಗ್ರಾಹಕರಲ್ಲಿ ಬೇಡಿಕೆಯಿದೆ. ಆದರೆ ಕಥೆಯ ಸವಿಗೆ ಅಗ್ಗದ, ಮಾಸಿದ ಪ್ರತಿಯೂ ಸಾಕು.

ಕನ್ನಡಕ್ಕೆ ತರುವ ಹಂಬಲವಿರುವವರು ಒಂದು ಮಾತನ್ನು ನೆನಪಿಡಬೇಕು. ಭಾರತದ ಕಾಯ್ದೆಯ ಪ್ರಕಾರ ಲೇಖಕನ ಮರಣದ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಜಾನ್ಸ್ ನಿಧನರಾದದ್ದು 1968ರಲ್ಲಿ. ಹಾಗಾಗಿ 2028ರ ಅಂತ್ಯದವರೆಗೆ ಅನುವಾದಕ್ಕೆ ಹಕ್ಕುದಾರರ ಅನುಮತಿ ಅಗತ್ಯ.

ಕಲ್ಪನೆಯನ್ನು ದಾಟಿದ ಕಾಲ

ಯುದ್ಧ ಮುಗಿದೊಡನೆ ಬ್ರಿಟನ್ನಿನ ಮಹಿಳಾ ಪೈಲಟ್‌ಗಳಲ್ಲಿ ಬಹುತೇಕರಿಗೆ ಹಾರುವ ಕೆಲಸ ಸಿಗಲಿಲ್ಲ. ಅಲ್ಲಿನ ವಾಯುಪಡೆಯಲ್ಲಿ ಮಹಿಳೆ ಯುದ್ಧವಿಮಾನ ನಡೆಸಲು 1990ರ ದಶಕದವರೆಗೆ ಕಾಯಬೇಕಾಯಿತು. ಅಂದರೆ 1941ರ ಕಾದಂಬರಿಯ ‘ಸುಳ್ಳು’ ನಿಜವಾಗಲು ಅರ್ಧ ಶತಮಾನ ಹಿಡಿಯಿತು.

ಭಾರತೀಯ ವಾಯುಪಡೆಯಲ್ಲಿ 2016ರ ಜೂನ್ 18ರಂದು ಅವನಿ ಚತುರ್ವೇದಿ, ಭಾವನಾ ಕಾಂತ್ ಮತ್ತು ಮೋಹನಾ ಸಿಂಗ್ ಯುದ್ಧವಿಮಾನ ವಿಭಾಗಕ್ಕೆ ನಿಯುಕ್ತರಾದ ಮೊದಲ ಮಹಿಳೆಯರಾದರು. ಮುಂದಿನ ಹಂತದ ತರಬೇತಿಗಾಗಿ ಅವರು ಬಂದದ್ದು ನಮ್ಮ ಬೀದರಿನ ವಾಯುನೆಲೆಗೆ. ‘ಹಾಕ್’ ಜೆಟ್ ವಿಮಾನಗಳಲ್ಲಿ ಅವರು ಪಳಗಿದ್ದು ಬೀದರಿನ ಬಾನಿನಲ್ಲಿ.

ವೊರಲ್ಸ್ ತನ್ನ ಮೇಲಧಿಕಾರಿಗಳೊಂದಿಗೆ ಹಟ ಹಿಡಿದು ವಾದಿಸಿದ ಪ್ರಶ್ನೆ ಈಗ ಇತ್ಯರ್ಥವಾಗಿದೆ. ಆ ಪ್ರಶ್ನೆಯನ್ನು ಒಂದು ಕಾಲದಲ್ಲಿ ಕಥೆಯ ಮೂಲಕವಷ್ಟೇ ಕೇಳಲು ಸಾಧ್ಯವಿತ್ತು ಎಂಬುದನ್ನು ತಿಳಿಯಲಾದರೂ ಈ ಹಳೆಯ ಪುಸ್ತಕಗಳನ್ನೊಮ್ಮೆ ಓದಬೇಕು.